ಹತ್ತಿ ನುಂಗಿದ ಹಾಡು

ನನ್ನ ಮಾವ ಹಾಸಿಗೆ ಹೊಲಿಯುವವರು. ಮೈಮೇಲೆ ಸದಾ ಹತ್ತಿಯ ಎಳೆ, ಬಾಯಲ್ಲಿ ಸದಾ ಗುನುಗು. ತೊಂಬತ್ತರ ದಶಕದಲ್ಲಿ ಅವರು ಒಂದು ಆಲ್ಟರ್ನೇಟಿವ್ ರಾಕ್ ತಂಡದ ಗಾಯಕರಾಗಿದ್ದರೆಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಗೊತ್ತಿದ್ದವರೇ ಕಡಿಮೆ.

ಗಿಟಾರಿಗೆ ಕ್ಷೌರಿಕ, ಡ್ರಮ್ಸಿಗೆ ಬಸ್ ಡ್ರೈವರ್. ತಾಲೀಮು ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೂರಿನವರೆಗೆ ಪೇರಿಸಿದ ಹಾಸಿಗೆಗಳ ನಡುವೆ. ಎಡವಟ್ಟಾದದ್ದೇ ಅಲ್ಲಿ. ಹತ್ತಿ ಸದ್ದನ್ನೆಲ್ಲ ನುಂಗುತ್ತಿತ್ತು; ಇವರು ಸಾಲದು ಸಾಲದು ಎನ್ನುತ್ತ ಜೋರು ಮಾಡುತ್ತಲೇ ಹೋದರು. ಅದೇ ಅಳತೆಯಲ್ಲಿ ಸಭಾಂಗಣದಲ್ಲಿ ನುಡಿಸಿದರೆ ಕೇಳಬೇಕೆ? ಮೊದಲ ಹಾಡಿಗೇ ಅರ್ಧ ಜನ ಎದ್ದುಹೋದರು, ಉಳಿದವರಿಗೆ ಒಂದು ಪದವೂ ತಿಳಿಯಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಅತ್ತೆಯಂತೂ ಅಂಗಡಿಯ ಹತ್ತಿಯನ್ನೇ ಕಿವಿಗೆ ತುರುಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರಂತೆ. ಪ್ರತಿ ಸಲವೂ ಹಾಗೆಯೇ.

ಈ ವರ್ಷ ಮೂವರೂ ಸೇರಿ ಮತ್ತೊಮ್ಮೆ ಹಾಡುವುದೆಂದಾಯಿತು, ಅದೂ ನಮ್ಮ ಮನೆಯ ಮಹಡಿಯಲ್ಲಿ. ಮಿಕ್ಸಿ ತಿರುಗಿದರೂ ಮಗುವಿನ ಕಿವಿ ಮುಚ್ಚಲು ಓಡುವವಳು ನಾನು.

"ಮಾವ, ಒಂದೇ ಹಾಡು ಸಾಕಲ್ವಾ? ಮೆತ್ತಗೆ?"

"ಒಂದೇ ಸಾಕಮ್ಮಾ. ನಿಮ್ಮತ್ತೆ ಅದರ ಮಾತು ಕೇಳಿಸ್ಕೊಂಡ್ರೆ ಸಾಕು. ಅವಳಿಗೇಂತ ಬರ್ದಿದ್ದು. ಇವತ್ತಿನವರೆಗೂ ಅವಳಿಗೆ ಗೊತ್ತಿಲ್ಲ."

"ಬಾಯಲ್ಲೇ ಹೇಳ್ಬಹುದಿತ್ತಲ್ಲ?"

"ನಾಚ್ಕೆ ಆಗಲ್ವೇನಮ್ಮಾ!"

"ಹಾಗಾದ್ರೆ ಆ ತಾಲೀಮಿನ ಕೋಣೆಯಲ್ಲೇ ಹಾಡಿ. ಹಾಸಿಗೆ ಸದ್ದು ನುಂಗತ್ತೆ," ಎಂದೆ. ನನಗಿದ್ದದ್ದು ಮಗುವಿನ ಕಿವಿಯ ಚಿಂತೆ.

ಭಾನುವಾರ ಸಂಜೆ ನೆಂಟರು, ನೆರೆಯವರು ಹಾಸಿಗೆಗಳ ಮೇಲೆ ಕಾಲು ಚಾಚಿ ಕುಳಿತರು. ನಾನು ಮಗುವನ್ನೆತ್ತಿಕೊಂಡು ಬಾಗಿಲಾಚೆ, ಓಡಲು ಸಿದ್ಧಳಾಗಿ. ಹಾಡು ಮೆತ್ತಗೆ, ಸ್ಪಷ್ಟವಾಗಿ ಶುರುವಾಯಿತು:

"ನೀನು ಹೊಸಿಲು ದಾಟಿ ಬಂದರೆ ಸೂಜಿ ದಾರಿ ತಪ್ಪುತ್ತೆ,
ಹಾಸಿಗೆ ಬಿಟ್ಟು ನನ್ನ ಬೆರಳನ್ನೇ ಹೊಲಿಯುತ್ತೆ..."

ಅತ್ತೆಯತ್ತ ನೋಡಿದರೆ, ಅಯ್ಯೋ, ಎರಡೂ ಕಿವಿಯಲ್ಲಿ ಹತ್ತಿ! ಸುಮ್ಮನೆ ತಲೆಯಾಡಿಸುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಮಗುವಿನ ಸಮೇತ ಡ್ರಮ್ಸ್ ಪಕ್ಕದಿಂದಲೇ ನುಗ್ಗಿ ಹತ್ತಿ ಕಿತ್ತೆಸೆದೆ.

"ಮಾವ, ಮೊದಲಿಂದ!"

ಎರಡನೆಯ ಸಲ ಅತ್ತೆಯ ಮುಖ ಕೆಂಪಗಾಯಿತು. ಕ್ಷೌರಿಕ ಗಿಟಾರ್ ನಿಲ್ಲಿಸಿಯೇಬಿಟ್ಟ. "ಲೋ, ಇದು ಅತ್ತಿಗೆ ಮೇಲಿನ ಹಾಡೇನೋ? ನಾನಿಷ್ಟು ವರ್ಷ ಕ್ರಾಂತಿಗೀತೆ ಅಂದ್ಕೊಂಡು ಹಲ್ಲು ಕಡೀತಾ ಬಾರಿಸ್ತಿದ್ದೆ!"

"ಅದಕ್ಕೇನಾ ಆಗ ದಿನಾ ಬೆರಳಿಗೆ ಪಟ್ಟಿ ಕಟ್ಕೊಂಡಿರ್ತಿದ್ರಿ?" ಎಂದರು ಅತ್ತೆ. "ಪಾಪ, ಕೆಲ್ಸ ಸರಿಯಾಗಿ ಬರಲ್ಲ ಅಂದ್ಕೊಂಡಿದ್ದೆ."

ಕೋಣೆಯೆಲ್ಲ ನಗು.

"ಇನ್ನೊಂದ್ಸಲ ಹಾಡ್ರೀ. ಜೋರಾಗಿ," ಎಂದರು ಅತ್ತೆ.

ನಾನು ಗಡಿಬಿಡಿಯಲ್ಲಿ ಮಗುವಿನ ಕಿವಿ ಮುಚ್ಚಿದೆ. ಅದು ನನ್ನ ಕೈ ತಳ್ಳಿ ಡ್ರಮ್ಸಿನತ್ತ ಜಿಗಿಯಿತು.