ಬೈಗುಳದ ಪರೀಕ್ಷೆ

ಹಲ್ಲಿನ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತಿತ್ತು. ಆ ಹೆಸರು ತಂದುಕೊಟ್ಟ ಹಲ್ಲುಗಳನ್ನು ಮಾಡುತ್ತಿದ್ದವನು ಮಾತ್ರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಒಂದು ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಡಾಕ್ಟರು ಮುದುಕರ ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಒಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಕುದಿಸಿ, ಉಜ್ಜಿ, ಹೊಳಪು ಕೊಡುವುದು ಅವನ ಕೆಲಸ. ಉಜ್ಜುವಾಗ ಏಳುವ ಪುಡಿ ಅವನ ಹುಬ್ಬಿನ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎದೆಯೊಳಗೆ ಕೂತಿತ್ತು. ಮದುವೆಗೆ ಮುಂಚೆ ಆ ಸ್ಟೂಲು ಹತ್ತಿದವನು; ಈಗ ಮಗಳೇ ಮದುವೆಯಾಗಿ ಹೋಗಿದ್ದಳು.

ಪುಡಿಯನ್ನು ಹೊರಗೆಳೆಯುವ ಫ್ಯಾನು ಬೇಕೆಂದು ಅವನು ಕೇಳುತ್ತಲೇ ಇದ್ದ. "ಮುಂದಿನ ತಿಂಗಳು ನೋಡೋಣ. ನೀನು ನನ್ನ ಬಲಗೈ ಕಣಯ್ಯ, ನಿನಗಿಲ್ಲದ್ದು ಇನ್ಯಾರಿಗೆ?" ಎನ್ನುತ್ತಿದ್ದರು ಡಾಕ್ಟರು. ಬಲಗೈಗೆ ಉಸಿರಾಟ ಇರುವುದಿಲ್ಲವೆಂದು ಅವರ ಎಣಿಕೆ ಇರಬೇಕು. ಮೇಸ್ತ್ರಿಯಂತೂ ಫ್ಯಾನನ್ನು ಮರೆತು, ಆ ಮಾತನ್ನೇ ಮನೆಗೆ ಹೊತ್ತು ತಂದು ಹೆಂಡತಿಯ ಮುಂದೆ ಬಡಿಸುತ್ತಿದ್ದ.

ಅವನಿಗೆ ಗತ್ತಿನ ಗಳಿಗೆ ಅಂತ ಇದ್ದದ್ದು ಒಂದೇ. ಹೊಸ ಸೆಟ್ಟನ್ನು ಬಾಯಿಗೆ ಕೂರಿಸಿದ ಮೇಲೆ ಡಾಕ್ಟರು "ಮೇಸ್ತ್ರೀ" ಎಂದು ಕೂಗುತ್ತಿದ್ದರು. ಅವನು ಕೈ ಒರೆಸಿಕೊಂಡು ಬಂದು ಕುರ್ಚಿಯ ಪಕ್ಕ ನಿಂತು, "ಮನೇಲಿ ಯಾರನ್ನ ಜಾಸ್ತಿ ಬೈತೀರಾ? ಈಗ ಬೈರಿ ನೋಡೋಣ" ಎನ್ನುತ್ತಿದ್ದ. ಮೆಲ್ಲಗೆ ಮಾತಾಡುವಾಗ ಅಲುಗದ ಹಲ್ಲು ಬೈಯುವಾಗ ಅಲುಗುತ್ತದೆ, ಬೈಗುಳಕ್ಕೆ ನಿಂತ ಹಲ್ಲು ಎಲ್ಲದಕ್ಕೂ ನಿಲ್ಲುತ್ತದೆ ಎಂಬುದು ಅವನ ನಂಬಿಕೆ. ಮುದುಕರು ನಾಚುತ್ತ ಶುರುಮಾಡಿ, ಆಮೇಲೆ ಸೊಸೆ, ಅಳಿಯ, ಗಂಡ ಯಾರನ್ನೂ ಬಿಡದೆ ಜಾಡಿಸುತ್ತಿದ್ದರು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಚೆನ್ನಾಗಿ ಕೂತಿದೆ ಸಾರ್" ಎಂದು ಮೇಸ್ತ್ರಿ ಹೇಳಿದ ಮೇಲೆಯೇ ರೋಗಿ ಕುರ್ಚಿಯಿಂದ ಏಳುವುದು.

ಇಂಥವನನ್ನು ಹುಡುಕಿಕೊಂಡು ಒಂದು ಸಂಜೆ ದೊಡ್ಡ ಲ್ಯಾಬಿನ ಮ್ಯಾನೇಜರು ಮನೆಗೇ ಬಂದ. ಊರಿನ ಅರ್ಧ ಡಾಕ್ಟರುಗಳಿಗೆ ಹಲ್ಲು ಮಾಡಿಕೊಡುವ ಲ್ಯಾಬು ಅದು.

"ನಮ್ಮಲ್ಲಿಗೆ ಬನ್ನಿ ಮೇಸ್ತ್ರಿಗಳೇ. ಉಜ್ಜೋದೆಲ್ಲ ಗಾಜಿನ ಪೆಟ್ಟಿಗೆಯೊಳಗೆ, ಪುಡಿ ಮೂಗಿಗೆ ಬರಲ್ಲ. ಶನಿವಾರ ಬಂದು ಒಂದು ಮಾತು ಹೇಳ್ಬಿಡಿ. ಅದಾದ್ಮೇಲೆ ಆ ಜಾಗ ನಿಮಗೆ ಅಂತ ಕಾಯಲ್ಲ."

ಮ್ಯಾನೇಜರು ಮೆಟ್ಟಿಲಿಳಿಯುವ ಮೊದಲೇ ಹೆಂಡತಿ ಶುರುಮಾಡಿದಳು. "ರೀ, ಕಣ್ಣು ಮುಚ್ಕೊಂಡು ಒಪ್ಕೊಳ್ಳಿ. ಈ ವಯಸ್ಸಲ್ಲಿ, ಈ ಕೆಮ್ಮು ಇಟ್ಕೊಂಡಿರೋರನ್ನ ಇನ್ಯಾರು ಕರೀತಾರೆ? ಅಲ್ಲೂ ಈಚೆಗೆ ಕೆಲಸ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ."

ಅದು ನಿಜ. ಕೆಲವು ವಾರಗಳಿಂದ ಅಚ್ಚುಗಳು ಬರುವುದೇ ಅಪರೂಪವಾಗಿತ್ತು. ಕೇಳಿದರೆ ಡಾಕ್ಟರು ಬೆನ್ನು ತಟ್ಟಿ, "ಸ್ವಲ್ಪ ಸುಧಾರಿಸ್ಕೋ" ಎಂದಿದ್ದರು. ಅಷ್ಟಕ್ಕೇ ಮೇಸ್ತ್ರಿ ಕರಗಿ ನೀರಾಗಿದ್ದ.

"ಕೆಲಸ ಇಲ್ಲ ಅಲ್ಲ, ನನ್ನ ಕೆಮ್ಮು ನೋಡಿ ಅವರೇ ಕಡಿಮೆ ಮಾಡಿದಾರೆ. ಅಂಥವರಿಗೆ ಎರಡು ಬಗೀಲಾ? ಅದೆಲ್ಲ ನಿನ್ನ ತವರಿನವರಿಗೆ ಚೆನ್ನಾಗಿ ಬರುತ್ತೆ, ನನಗೆ ಬರಲ್ಲ."

ತವರಿನ ಮಾತು ಅಲ್ಲಿ ಬೇಕಿರಲಿಲ್ಲ. ಅವಳು ಎದ್ದು ಒಳಗೆ ಹೋದಳು.

ಆದರೂ ಶನಿವಾರ ಅವನು ಲ್ಯಾಬಿಗೆ ಹೋದ. ಇಸ್ತ್ರಿ ಅಂಗಿ ಹಾಕಿಕೊಂಡೇ ಹೋದ. ಕಿಟಕಿಯ ಪಕ್ಕ ಒರಗು ಕುರ್ಚಿ, ಒಳ್ಳೆಯ ದೀಪ, ಮುಂದೆ ಗಾಜಿನ ಪೆಟ್ಟಿಗೆ. "ಇದೇ ನಿಮ್ಮ ಜಾಗ" ಎಂದ ಮ್ಯಾನೇಜರು. ಮೇಸ್ತ್ರಿ ಕೂತು ನೋಡಿದ. ಎದೆ ತುಂಬ ಉಸಿರೆಳೆದುಕೊಂಡ, ಕೆಮ್ಮು ಬರಲಿಲ್ಲ. ಸುಳ್ಳು ಯಾಕೆ, ಅವನಿಗೆ ಬಹಳ ಆಸೆಯಾಯಿತು.

ಅಷ್ಟರಲ್ಲಿ ಅವನ ಕಣ್ಣ ಮುಂದೆ ಡಾಕ್ಟರು ಬಂದು ನಿಂತರು. "ಮೇಸ್ತ್ರೀ" ಎಂದು ಕೂಗುತ್ತಿದ್ದಾರೆ, ಹಿಂದಿನ ಕೋಣೆಯಿಂದ ಯಾರೂ ಬರುತ್ತಿಲ್ಲ. ಪಾಪ, ಬಲಗೈ ಕಳೆದುಕೊಂಡ ಮನುಷ್ಯ. ಆ ಚಿತ್ರ ನೋಡಿ ಅವನಿಗೆ ಅಳು ಬಂತು, ಜೊತೆಗೆ ಒಂಥರಾ ಖುಷಿಯೂ ಆಯಿತು. ಖುಷಿಯೇ ಕೆಲಸ ಕೆಡಿಸಿದ್ದು. ಅವನು ಧಡಕ್ಕನೆ ಎದ್ದು ನಿಂತು, ಮುಖಗವಸು ಹಾಕಿಕೊಂಡು ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದ:

"ನಿಮ್ಮ ಮಿಷಿನ್ನಿನ ಹಲ್ಲು ನಾಯಿ ಕೂಡ ಹಾಕ್ಕೊಳ್ಳಲ್ಲ. ನಮ್ಮ ಡಾಕ್ಟ್ರನ್ನ ಬಿಟ್ಟು ನಾನು ಬರಲ್ಲ."

"ಅಲ್ಲ ಮೇಸ್ತ್ರಿಗಳೇ, ನಿಮ್ಮ ಡಾಕ್ಟ್ರೇ..." ಎಂದು ಮ್ಯಾನೇಜರು ಏನೋ ಹೇಳಹೊರಟ.

"ಅವರ ಹೆಸರು ನಿಮ್ಮ ಬಾಯಲ್ಲಿ ಬೇಡ" ಎಂದು ಮೇಸ್ತ್ರಿ ಹೊರಗೆ ನಡೆದ. ಬಾಗಿಲ ಬಳಿಯ ಬೆಂಚಿನ ಮೇಲೆ ಕೆಲಸಕ್ಕೆಂದು ಕಾಯುತ್ತಿದ್ದ ಒಬ್ಬ ಕಾಲು ಮಡಚಿಕೊಂಡು ದಾರಿ ಬಿಟ್ಟ.

ಸೋಮವಾರ ಕ್ಲಿನಿಕ್ಕಿಗೆ ಬಂದವನು ಹಿಂದಿನ ಕೋಣೆಗೆ ಹೋಗದೆ ನೇರ ಡಾಕ್ಟರ ಬಳಿಗೆ ಹೋದ. ಕುರ್ಚಿಯಲ್ಲಿ ಒಬ್ಬ ಅಜ್ಜಿ ಹೊಸ ಸೆಟ್ಟು ಹಾಕಿಸಿಕೊಂಡು ಕೂತಿದ್ದರು. ಅದು ಯಾರು ಮಾಡಿದ ಸೆಟ್ಟು ಎಂದು ನೋಡುವಷ್ಟು ತಾಳ್ಮೆ ಅವನಿಗಿರಲಿಲ್ಲ.

"ಸಾರ್, ಆ ದೊಡ್ಡ ಲ್ಯಾಬಿನವರು ನನ್ನ ಎಳ್ಕೊಳ್ಳೋಕೆ ನೋಡಿದ್ರು. ಬರಲ್ಲ ಅಂತ ಮುಖಕ್ಕೇ ಹೇಳಿ ಬಂದೆ."

ಡಾಕ್ಟರ ಕೈ ಹಾಗೇ ನಿಂತಿತು. ಮೇಸ್ತ್ರಿ ಕಾಯುತ್ತಿದ್ದದ್ದು ಅದನ್ನೇ. ಇನ್ನೇನು ಇವರ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡ.

"ಅಯ್ಯೋ ಪುಣ್ಯಾತ್ಮ, ಎಂಥ ಕೆಲಸ ಮಾಡ್ದೆ! ಅವರಿಗೆ ಹೇಳಿ ನಿನ್ನ ಕರೆಸಿದ್ದೇ ನಾನು ಕಣಯ್ಯ."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. "ವಯಸ್ಸಾಗಿದೆ, ಕೆಮ್ತಾನೆ, ಬೇಡ ಅಂದ್ರು ಅವರು. ಇನ್ಮೇಲೆ ನನ್ನ ಸೆಟ್ಟೆಲ್ಲ ನಿಮಗೇ ಕೊಡ್ತೀನಿ, ಇವನೊಬ್ಬನ್ನ ಇಟ್ಕೊಳ್ಳಿ ಅಂತ ಗೋಗರೆದು ಒಪ್ಪಿಸಿದ್ದೆ. ಹೋಗು ಅಂತ ನಿನ್ನ ಮುಖ ನೋಡ್ಕೊಂಡು ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಹಿಂದಿನ ಕೋಣೆಗೆ ಎಕ್ಸ್‌ರೇ ಮಿಷಿನ್ ಬರ್ತಿದೆ. ಅದಕ್ಕೆ ಧೂಳು ಆಗಲ್ಲವಂತೆ, ಒಳ್ಳೇ ಫ್ಯಾನು ಕೂಡ ಹೇಳಿದೀನಿ."

ಅಲ್ಲೇ ಲ್ಯಾಬಿಗೆ ಫೋನ್ ಮಾಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇಟ್ಟರು. "ಬೇರೆಯವನು ಬಂದು ಕೂತಾಯ್ತಂತೆ. ನಾಯಿ ಗೀಯಿ ಅಂದ್ಯಂತಲ್ಲೋ?"

"ಡಾಕ್ಟ್ರೇ, ನನ್ನ ಹಲ್ಲು ನೋಡ್ತೀರೋ ಇಲ್ವೋ?" ಎಂದರು ಅಜ್ಜಿ. ಮಾತು ಗಾಳಿ ಸೇರದೆ ಸ್ಪಷ್ಟವಾಗಿತ್ತು.

ಮೇಸ್ತ್ರಿ ಆಗ ಸೆಟ್ಟನ್ನು ನೋಡಿದ. ಅವನದಲ್ಲ, ಲ್ಯಾಬಿನದು. ಬಗ್ಗಿ ಹುಳುಕು ಹುಡುಕಿದ. ಸಾಲು ನೆಟ್ಟಗಿತ್ತು, ಒಸಡು ಒಪ್ಪವಾಗಿತ್ತು, ಹೆಬ್ಬೆರಳಿನಿಂದ ಒತ್ತಿದರೂ ಮಿಸುಕಲಿಲ್ಲ. "ಬಾ ಮೇಸ್ತ್ರಿ, ನಿನ್ನ ಪರೀಕ್ಷೆ ಮಾಡು" ಎಂದರು ಡಾಕ್ಟರು, ನಗಿಸುವಂತೆ.

ರೂಢಿಗೆ ಬಾಯಿ ತಾನಾಗಿ ಆಡಿತು. "ಮನೇಲಿ ಯಾರನ್ನ ಜಾಸ್ತಿ ಬೈತೀರಾ?"

"ನಾನೊಬ್ಬಳೇ ಇರೋದಪ್ಪ. ಗೋಡೆನ ಬೈಲಾ?"

"ಹಾಗಾದ್ರೆ ಇವನನ್ನೇ ಬೈರಿ ಅಜ್ಜಿ" ಎಂದರು ಡಾಕ್ಟರು. "ಕೈಗೆ ಬಂದ ಕೆಲಸ ಒದ್ದು ಬಂದಿದಾನೆ."

ಅಜ್ಜಿಗೆ ಎಷ್ಟೋ ಕಾಲದ ಮೇಲೆ ಬಾಯಿ ಬಂದಿತ್ತು. ಬೈಯಲು ಒಬ್ಬ ಮನುಷ್ಯನೂ ಸಿಕ್ಕಿದ್ದ. "ಥೂ ಮಂಕುಮುಂಡೇದೇ! ತಲೇಲಿ ಏನು ಸಗಣಿ ಇಟ್ಕೊಂಡಿದೀಯಾ? ಹೆಂಡ್ತಿ ಹೊಟ್ಟೆ ಮೇಲೆ ಹೊಡೆದ್ಯಲ್ಲೋ ಪಾಪಿ! ಕರೆದವರನ್ನ ಉಗಿದು ಬಂದ್ಯಲ್ಲ, ಇನ್ನು ಯಾರ ಬಾಗಿಲಲ್ಲಿ ನಿಂತ್ಕೋತೀಯೋ ಕೆಲಸಕ್ಕೆ ಬಾರದವನೇ! ಯಾರಿಗೆ ಬೇಕಿತ್ತೋ ನಿನ್ನ ನಿಯತ್ತು?"

ಡಾಕ್ಟರು ನಗಲು ಹೋಗಿ ನಿಲ್ಲಿಸಿದರು. ಅಜ್ಜಿ ನಿಲ್ಲಿಸಲಿಲ್ಲ. ಮೇಸ್ತ್ರಿ ತಲೆ ಬಗ್ಗಿಸಿ, ಮುಖದ ಮೇಲೆ ಎಂಜಲು ಸಿಡಿಯುವಷ್ಟು ಹತ್ತಿರದಿಂದ, ಒಂದೊಂದು ಬೈಗುಳಕ್ಕೂ ಆ ಹಲ್ಲುಗಳನ್ನೇ ನೋಡುತ್ತಿದ್ದ. ಒಂದು ಸಲ ಅಲುಗಲಿ ಎಂದು ಬೇಡಿಕೊಂಡ. ಅಲುಗಲಿಲ್ಲ.

"ಚೆನ್ನಾಗಿ ಕೂತಿದೆ ಸಾರ್" ಎಂದ.

ಅಜ್ಜಿ ಕುರ್ಚಿಯಿಂದ ಎದ್ದರು.