ಕಾಕು ಹೂಂ ಅಂದ ದಿನ

ಹೊಸ ಹೆಡ್‌ಫೋನಿನಿಂದ ಇನ್ನೂ ರಬ್ಬರಿನ ವಾಸನೆ ಬರುತ್ತಿತ್ತು. ನಾನು ಕಲಿಸುವ ಸೊರಡಿಯ ಶಾಲೆಯ ಆನ್‌ಲೈನ್ ಸಭೆಗಳಿಗೆಂದು ತರಿಸಿದ್ದೆ. ಹಾಕಿಕೊಂಡರೆ ಎಲ್ಲರೂ ಸುತ್ತ ಕೂತು ಮಾತಾಡಿದ ಹಾಗೆ... ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಇನ್ನೊಬ್ಬರು ಬೆನ್ನ ಹಿಂದೆ. ನಾಲ್ಕು ಮಂದಿ ಒಟ್ಟಿಗೆ ಬಾಯಿ ಹಾಕಿದರೂ ಬೇಕಾದವರ ಮಾತು ಹಿಡಿಯಬಹುದಿತ್ತು. ಕಳೆದ ವಾರ ಸಭೆಯ ನಡುವೆಯೇ ಅದರ ಎಡಬದಿ ಕೆಟ್ಟಿತು. ಎಲ್ಲ ದನಿಗಳೂ ಒಂದೇ ಕಿವಿಗೆ ನುಗ್ಗಿ ಒಂದರ ಮೇಲೊಂದು ಬಿದ್ದವು. ಒಂದೂ ತಿಳಿಯಲಿಲ್ಲ. ಬೆಚ್ಚಿ ಕಿತ್ತಿಟ್ಟೆ. ನಾನು ಬೆಳೆದ ಗಡಿಯೂರು ತಿಕೋಂಡಿಯಲ್ಲಿ ಪಕ್ಕದ ಮನೆಯಲ್ಲಿದ್ದ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ದಿನವೂ ಕೇಳುತ್ತಿದ್ದುದು ಈ ಕಲಸಿದ ಗದ್ದಲವನ್ನೇ!

ಒಬ್ಬಳೇ ಸಿಕ್ಕರೆ ಕಾಕು ನಗಿಸಿ ನಗಿಸಿ ಸುಸ್ತುಮಾಡುತ್ತಿದ್ದಳು. ನಾಲ್ಕು ಜನ ಕೂಡಿದರೆ ಮಾತ್ರ ಎಡಭುಜ ಗೋಡೆಗೆ ಒತ್ತಿ ಕೂತು, ಮುಗುಳ್ನಗುತ್ತ ‘ಹೂಂ’ ಅನ್ನುತ್ತಿದ್ದಳು, ಅಷ್ಟೇ. ಓಣಿಯವರು ಅದನ್ನು ಸೊಕ್ಕು ಎಂದರು.

ಅವಳ ಮಗಳು ನನ್ನ ಗೆಳತಿ. ನರ್ಸಿಂಗ್ ಓದಿಸುತ್ತೇನೆಂದು ಕಾಕು ಅವಳಿಗೆ ಮಾತು ಕೊಟ್ಟಿದ್ದಳು. ಅವಳು ಹನ್ನೆರಡನೆಯ ತರಗತಿಯಲ್ಲಿದ್ದಾಗ ವಿಜಯಪುರದ ಕಡೆಯಿಂದ ಬೀಗರಾಗುವವರು ಬಂದರು. ಪಡಸಾಲೆ ತುಂಬ ಜನ. ಕನ್ನಡ, ಮರಾಠಿ, ಚಹಾದ ಕಪ್-ಬಸಿಗಳ ಸದ್ದು, ನಗು. ಅದರ ನಡುವೆ ಹುಡುಗನ ತಾಯಿ, “ಈ ಬ್ಯಾಸಿಗಿಗೇ ಲಗ್ನ ಮಾಡೂಣ. ಹುಡಿಗಿ ಸಾಲಿ ಬಿಡಸ್ರಿ. ಒಪ್ಪಿಗಿ ಐತೇನ್ರಿ?” ಅಂದಳು.

ಕಾಕು ನಕ್ಕು, “ಹೂಂ” ಅಂದಳು.

ಸಂಬಂಧ ಕೂಡಿತೆಂದು ಆಕೆ ಕಾಕುವಿನ ಬಾಯಿಗೆ ಸಕ್ಕರೆ ಹಾಕಿಯೇಬಿಟ್ಟಳು. ಗೆಳತಿಯ ಮುಖ ಬಿಳಿಚಿತು. “ಅವ್ವಾ, ಸಾಲಿ ಬಿಡಸಾಕ ಯಾಕ ಹೂಂ ಅಂದಿ?” ಎಂದು ಚೀರಿದಳು.

ಆ ಚೀರು ಕಾಕುವಿಗೆ ಸರಿಯಾಗಿ ಕೇಳಿಸಿತು. ಬಾಯೊಳಗಿನ ಸಕ್ಕರೆಯನ್ನು ಅಂಗೈಗೆ ಉಗುಳಿದಳು. ಎಲ್ಲರೆದುರಿಗೆ!

“ಎಲ್ಲಾರೂ ಸುಮ್ಮಕ್ ಕುಂದ್ರಿ. ಒಬ್ಬೊಬ್ಬರ ಹೇಳ್ರಿ. ಸಣ್ಣಾಕಿದ್ದಾಗ ಮಂಗನಬಾವು ಆಗಿ ಈ ಎಡಗಿವಿ ಹೋಗೇತಿ. ಗದ್ಲದಾಗ ನನಗ ಏನೂ ತಿಳಿಯೂದಿಲ್ಲ.”

 ನಾನು ಬಾಗಿಲ ಬಳಿಯಿಂದ ಎಲ್ಲ ನೋಡುತ್ತಿದ್ದೆ. ಎಲ್ಲರಿಗಿಂತ ದಂಗಾದವನು ಅವಳ ಗಂಡ. “ಇಷ್ಟ ವರ್ಷ ನನಗೂ ಯಾಕ ಹೇಳಲಿಲ್ಲ?” ಅಂದ.

“ಹೇಳಿದ್ರ ತವರಿಗಿ ಕಳಸ್ತಿದ್ರಿ.”

ಅವನು ತಲೆ ತಗ್ಗಿಸಿದ. 

“ನನ್ನ ಮಗಳು ಓದತಾಳ. ನೀವು ಚಾ ಕುಡದ ಹೋಗ್ರಿ,” ಅಂದಳು ಕಾಕು. ಬಂದವರು ಚಹಾ ಮುಟ್ಟದೆ ಎದ್ದರು. ಮುಂದೆ ಬಹಳ ದಿನ ಓಣಿಯ ಹೆಂಗಸರು ಅವಳ ಎಡಕ್ಕೆ ನಿಂತು ಪಿಸುಗುಟ್ಟಿ ನಗುತ್ತಿದ್ದರು. ಕಾಕು ಮಾತ್ರ ನಾಚದೆ, “ಈ ಕಡಿ ಬಂದು ಮಾತಾಡ್ರಿ,” ಅನ್ನುತ್ತಿದ್ದಳು.

ಗೆಳತಿ ಈಗ ಮೀರಜಿನಲ್ಲಿ ನರ್ಸು. ಹೆಡ್‌ಫೋನು ಕೆಟ್ಟ ಆ ಸಭೆ ಮುಗಿದ ಮೇಲೆ ಅವಳಿಗೆ ಫೋನು ಮಾಡಿ, ಒಂದೇ ಕಿವಿಗೆ ಏನೂ ತಿಳಿಯದೆ ಹೋದದ್ದನ್ನು ಹೇಳಿದೆ.  “ಅಷ್ಟು ತ್ರಾಸ ಇತ್ತೇನ ಅವ್ವಗ?” ಅಂದಳು ಅವಳು.

ಕೇಳೋಣವೆಂದರೆ ಕಾಕು ಇಲ್ಲ. ತೀರಿಕೊಂಡು ಎರಡು ವರ್ಷವಾಯಿತು.