ಎತ್ತುಗಣ್ಣಿನ ಹೂವು

ಹೂವು ಕಂಡಲ್ಲಿ ಬೇರುಸಹಿತ ಕಿತ್ತು ಗುಡ್ಡೆ ಹಾಕು ಎಂದು ಆಳಿಗೆ ಹೇಳುವ ಯಜಮಾನನನ್ನು ನಾನು ನೋಡಿದ್ದು ಐರ್ಲೆಂಡಿಗೆ ಬಂದ ಮೇಲೆಯೇ. ಹಸು ಮೇಯಲು ಬೇಲಿ ಹಾಕಿ ಬಿಟ್ಟ ನೆಲಕ್ಕೆ ಇಲ್ಲಿ ಪ್ಯಾಡಕ್ ಎನ್ನುತ್ತಾರೆ. ಜೂನ್ ಬಂತೆಂದರೆ ಅದರ ತುಂಬ ಬಿಳಿ ಎಸಳಿನ ಹೂವು, ನಡುವೆ ಅರಿಶಿನದ ಬಟ್ಟು. ನಮ್ಮ ಸೇವಂತಿಗೆಯ ಬಡ ತಂಗಿಯಂತೆ. ಮೊದಲ ದಿನ ಒಂದನ್ನು ಕಿತ್ತು ಕಣ್ಣಿಗೊತ್ತಿಕೊಂಡೆ, ಯಜಮಾನ ನಕ್ಕುಬಿಟ್ಟ.

ಅದರ ಹೆಸರು ಆಕ್ಸ್ ಐ ಡೇಸಿ. ಎತ್ತಿನ ಕಣ್ಣು ಎಂದರ್ಥವಂತೆ. ನಮ್ಮ ಸಾತನೂರಿನ ಹಳ್ಳಿಕಾರ್ ಎತ್ತಿನ ಕಣ್ಣು ಕಾಡಿಗೆ ತೀಡಿದಂತೆ ಕಪ್ಪಗಿರುತ್ತದೆ. ಇದು ಕಾಮಾಲೆ ಹತ್ತಿದ ಎತ್ತಿನದಿರಬೇಕು. ಈ ಹೂವನ್ನು ಹಸು ತಿಂದರೆ ಹಾಲು ಕೆಟ್ಟ ವಾಸನೆ. ನಮ್ಮಲ್ಲಿ ಕಾಂಗ್ರೆಸ್ ಗಿಡ ಮೇದ ಹಸುವಿನ ಹಾಲು ಕಹಿಯಾಗುವುದಿಲ್ಲವೇ, ಹಾಗೆ. ಆದರೆ ಯಜಮಾನನ ಹೆಂಡತಿ ಮನೆಮುಂದೆ ಅದೇ ಹೂವಿಗೆ ಪಾತಿ ಮಾಡಿ ನೀರೆರೆಯುತ್ತಾಳೆ. ಬೇಲಿಯ ಆಚೆ ಕಳೆ, ಈಚೆ ಹೂವು.

ನನ್ನ ಹೆಂಡತಿ ಸವಿತಾ ಇಲ್ಲಿ ನರ್ಸು. ಅವಳ ಕೆಲಸದ ಬೆನ್ನಿಗೆ ನಾನೂ ಬಂದೆ. ಊರಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳು ಮೇಯಿಸುತ್ತಿದ್ದವನು ಇಲ್ಲಿ ಹಸು ಮೇಯಿಸುತ್ತೇನೆ. ಬಾಡಿಗೆ ಮನೆಗೆ ಪರದಾಡಿದೆವು. ರಾಗಿ ಹಿಟ್ಟಿಗೆ ದೂರದ ಪಟ್ಟಣಕ್ಕೆ ಹೋಗಬೇಕು. ಇವರ ಇಂಗ್ಲಿಷೋ, ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಆಡಿದಂತೆ. ಅವೆಲ್ಲ ಹೇಗೋ ಸರಿಹೋದವು. ಸರಿಹೋಗದೆ ಉಳಿದದ್ದು ಒಂದೇ: ಹೋದ ವರ್ಷದ ಚಳಿಗಾಲದಲ್ಲಿ ನಮ್ಮ ಮಗು ಉಸಿರಿಲ್ಲದೆ ಹುಟ್ಟಿತು.

ನಮ್ಮ ಕಡೆ ಅಂಥ ಮಗುವಿಗೆ ಹೆಸರಿಡುವುದಿಲ್ಲ. ಗಂಡಸರು ಎತ್ತಿಕೊಂಡು ಹೋಗಿ ಮಣ್ಣು ಮಾಡಿ, ನಾಯಿ ಕೆದಕದಂತೆ ಮುಳ್ಳು ಮುಚ್ಚಿ ಬರುತ್ತಾರೆ. ತಾಯಿಗೆ ಜಾಗ ತೋರಿಸುವುದಿಲ್ಲ. ಇಲ್ಲಿ ಆಸ್ಪತ್ರೆಯವರು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಿಗೇ ಕೊಟ್ಟು, ಹೆಸರೇನು ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಸವಿತಾ "ಗೌರಿ" ಅಂದಳು. ಸ್ಮಶಾನದಲ್ಲಿ ಮಕ್ಕಳಿಗೆಂದೇ ಒಂದು ಮೂಲೆಯಿದೆ. ಅಲ್ಲಿ ಆ ಹೆಸರಿನ ಸಣ್ಣ ಹಲಗೆ ನೆಟ್ಟರು. ಪ್ರತಿ ಭಾನುವಾರ ಅವಳು ಅಲ್ಲಿಗೆ ಹೋಗುತ್ತಾಳೆ.

ಊರಲ್ಲಿ ತಮ್ಮನ ಜೊತೆಗಿರುವ ಅವ್ವ, ಇದು ಗೊತ್ತಾದ ದಿನ ಫೋನಿನಲ್ಲೇ ಹರಿಹಾಯ್ದಳು.

"ಏನ್ಲಾ ಇದು? ಮಣ್ಣು ಮಾಡಿದ ತಾವಕ್ಕೆ ಹೆತ್ತೋಳು ಹೋಯ್ತಾಳೇನ್ಲಾ? ಗಂಡ ಅಂತ ನೀನೇನು ಹಸ ಕಾಯ್ತಿದ್ದೀಯಾ?"

"ಊಂ ಕಣವ್ವ, ಹಸ ಕಾಯೋದೇ ನನ್ ಕೆಲ್ಸ."

"ನಗಬ್ಯಾಡ ಕಣ್ಲಾ. ಬಂದ್ಬುಡಿ ಊರಿಗೆ. ಅಲ್ಲಿದ್ರೆ ಅವಳು ಮರೆಯಾಕಿಲ್ಲ."

ನನಗೂ ಹೊರಟುಬಿಡೋಣ ಅನಿಸಿತ್ತು. ಸವಿತಾ ಒಪ್ಪಲಿಲ್ಲ. "ಇವಳನ್ನ ಯಾರ ಕೈಗೆ ಕೊಟ್ಟು ಬರ್ಲಿ?" ಅಂದಳು.

ಈ ಜೂನಿನಲ್ಲಿ ಗೌರಿಯ ಮಣ್ಣಿನ ಮೇಲೆ ಅದೇ ಎತ್ತುಗಣ್ಣಿನ ಹೂವು ಎದ್ದಿತು. ಅವತ್ತು ಸವಿತಾಳ ಜೊತೆ ನಾನೂ ಹೋಗಿದ್ದೆ. ರೂಢಿಯಂತೆ ನನ್ನ ಕೈ ಬುಡಕ್ಕೇ ಹೋಯಿತು.

"ರೀ, ಮುಟ್ಟಬ್ಯಾಡಿ!"

ಅಷ್ಟರಲ್ಲಿ ಹುಲ್ಲು ಕತ್ತರಿಸುವವನು ಬಂದು ಯಂತ್ರ ನಿಲ್ಲಿಸಿದ. ಇದು ತಾನಾಗಿ ಬಂದದ್ದೋ, ನೀವು ನೆಟ್ಟದ್ದೋ ಎಂದು ಕೇಳಿದ. ತಾನಾಗಿ ಬಂದದ್ದಾದರೆ ಹುಲ್ಲಿನ ಜೊತೆಯಲ್ಲೇ ಹೋಗುತ್ತದೆ. ವಾರವಿಡೀ ಆ ಗಿಡದ ಬೇರು ಕೀಳುವ ನಾನು "ನೆಟ್ಟದ್ದು" ಎಂದೆ. ಅವನು ಗಿಡವನ್ನು ಬಿಟ್ಟು ಸುತ್ತಲೂ ಯಂತ್ರ ಓಡಿಸಿಕೊಂಡು ಹೋದ.

ಸಂಜೆ ಅವ್ವನ ಫೋನು ಬಂದಾಗ ಸವಿತಾ ನನ್ನ ಕೈಯಿಂದ ಕಿತ್ತುಕೊಂಡು ಸ್ಪೀಕರ್ ಹಾಕಿದಳು.

"ಅತ್ತೆ, ಗೌರಿ ಮೇಲೆ ಹೂ ಬಿಟ್ಟೈತೆ. ನಾವು ಬಂದ್ಬುಟ್ರೆ ಕೊಯ್ದಾಕ್ತಾರೆ."

ಬೈಗುಳಕ್ಕೆ ಕಾದೆವು. ಕೊನೆಗೆ ಅವ್ವನ ದನಿ ಸಣ್ಣಗೆ ಬಂತು.

"ನಮ್ಮ ಸೊಪ್ಪಿನ ತೋಟದ ಬದುವಿನಾಗೆ ಹೊಂಗೆ ಮರ ಐತಲ್ಲವ್ವ, ಇವನಿಗಿಂತ ಮುಂಚಿನ ಕೂಸು ಅಲ್ಲೈತೆ. ಹೆಣ್ಣು. ನನಗೆ ಯಾರೂ ಹೇಳ್ನಿಲ್ಲ. ಹೊಸ ಮುಳ್ಳು ನೋಡಿ ನಾನೇ ಕಂಡ್ಕಂಡೆ. ಸೊಪ್ಪು ಕುಯ್ಯೋ ನೆವ ಮಾಡ್ಕಂಡು ಹೋಯ್ತಿದ್ದೆ. ಈಗ್ಲೂ ಹೋಯ್ತೀನಿ."

ಆ ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು ಬೆಳೆದವನು ನಾನು. ನನಗೊಬ್ಬಳು ಅಕ್ಕ ಇದ್ದಳೆಂದು ಸಮುದ್ರದಾಚೆ ಕೂತು ತಿಳಿದುಕೊಂಡೆ.

"ಅಲ್ಲೇ ಇರವ್ವ ನೀನು," ಎಂದು ಅವ್ವ ಫೋನಿಟ್ಟಳು.

ಈಗಲೂ ಅವ್ವ ಫೋನು ಮಾಡುತ್ತಾಳೆ. ಮಳೆ ಬಂದದ್ದು, ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಿದ್ದು, ತಮ್ಮನ ಮಕ್ಕಳ ಕಿತಾಪತಿ ಎಲ್ಲ ಹೇಳುತ್ತಾಳೆ. "ಬಂದ್ಬುಡಿ" ಎಂದು ಮಾತ್ರ ಅನ್ನುವುದಿಲ್ಲ. ಸವಿತಾಳಿಗೆ ಅದರಿಂದ ನೆಮ್ಮದಿ. ನನಗೋ, ಕರೆಯುವ ಬಾಯಿ ಸುಮ್ಮನಾದ ಮೇಲೆಯೇ ಸಾತನೂರು ನಿಜಕ್ಕೂ ದೂರವಾದದ್ದು.